ಕಾಂಗರೂ ಹೆಸರಲ್ಲಿ ಚೀಲ ಇಲ್ಲ, ಪಾದ ಇದೆ!

[ದೃಶ್ಯ: ಕೆಂಪು ಮಣ್ಣಿನ ಬಯಲು. ಕುಪ್ಪಳಿಸುತ್ತಿರುವ ಕಾಂಗರೂ, ನಿಧಾನಗತಿಯಲ್ಲಿ.]

ಕಾಂಗರೂ ಅಂದ ತಕ್ಷಣ ಏನು ನೆನಪಾಗುತ್ತೆ? ಹೊಟ್ಟೆ ಮೇಲಿನ ಚೀಲ, ಅದರೊಳಗಿಂದ ಇಣುಕೋ ಮರಿ. ಅಲ್ವಾ? ಆದರೆ 1790ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಇದಕ್ಕೆ ಹೆಸರಿಟ್ಟಾಗ ಚೀಲದ ಸುದ್ದಿಗೇ ಹೋಗಲಿಲ್ಲ. ಪಾದ ನೋಡಿ ಹೆಸರಿಟ್ಟ. ಮ್ಯಾಕ್ರೋಪಸ್. ಕಾಂಗರೂ, ವಾಲಬಿ ಎಲ್ಲ ಸೇರಿದ ಕುಟುಂಬಕ್ಕೆ ಇವತ್ತಿಗೂ ಅದೇ ಬೇರಿನ ಹೆಸರು: ಮ್ಯಾಕ್ರೊಪೊಡಿಡೇ.

[ಪರದೆ ಮೇಲೆ: ಮ್ಯಾಕ್ರೋಸ್ + ಪೊಡ್]

ಬಾಯಿಗೆ ಕಷ್ಟ, ಬಿಡಿಸಿದರೆ ಸುಲಿದ ಬಾಳೆಹಣ್ಣು. ಗ್ರೀಕ್‌ನಲ್ಲಿ 'ಮ್ಯಾಕ್ರೋಸ್' ಅಂದರೆ ಉದ್ದ. 'ಪೊಡ್' ಅಂದರೆ ಪಾದ. ಮಜಾ ಏನು ಗೊತ್ತಾ? ನಾವು ಸಂಸ್ಕೃತದಿಂದ ತಗೊಂಡಿರೋ 'ಪಾದ'ಕ್ಕೂ ಆ 'ಪೊಡ್'ಗೂ ಮೂಲ ಒಂದೇ. 'ದೀರ್ಘಪಾದಿ' ಅಂತ ಕರೆದರೆ ಅರ್ಧ ಹೆಸರು ಅನುವಾದವೇ ಅಲ್ಲ!

ಚೀಲ ಹಿಡಿದು ಹೊರಟರೆ ಕಾಂಗರೂ ಸಿಗಲ್ಲ. ಕೋಲಾಗೂ ಚೀಲ ಇದೆ, ವೊಂಬ್ಯಾಟ್‌ಗೂ ಇದೆ. ಗಂಡು ಕಾಂಗರೂಗೆ ಇಲ್ಲವೇ ಇಲ್ಲ. ಪಾದ ಹಾಗಲ್ಲ.

[ದೃಶ್ಯ: ಹಿಂಗಾಲಿನ ಸಮೀಪ ನೋಟ.]

ಇಲ್ಲಿ ನೋಡಿ. ಹೆಬ್ಬೆರಳು ಇಲ್ಲ. ಭಾರ ಹೊರೋದು ದಪ್ಪಗಿರೋ ನಾಲ್ಕನೇ ಬೆರಳು. ಎರಡನೇದು, ಮೂರನೇದು ಒಂದೇ ಚರ್ಮದಲ್ಲಿ ಅಂಟಿಕೊಂಡು ತುದಿಯಲ್ಲಿ ಜೋಡಿ ಉಗುರು. ಅದು ಬಾಚಣಿಗೆ! ಮೈ ಕೂದಲು ಬಾಚಿಕೊಳ್ಳೋಕೆ. ಹಿಮ್ಮಡಿ ಮೇಲಿನ ಉದ್ದನೆ ಸ್ನಾಯುರಜ್ಜು ಸ್ಪ್ರಿಂಗ್ ಇದ್ದ ಹಾಗೆ. ನೆಲಕ್ಕೆ ಬಿದ್ದಾಗ ಹಿಗ್ಗಿ ಶಕ್ತಿ ಹಿಡಿದಿಟ್ಟುಕೊಂಡು, ಮುಂದಿನ ನೆಗೆತಕ್ಕೆ ವಾಪಸ್ ಕೊಡುತ್ತೆ. ಅದಕ್ಕೇ ಕಾಂಗರೂ ವೇಗ ಹೆಚ್ಚಿಸಿದರೂ ಖರ್ಚಾಗೋ ಶಕ್ತಿ ಅಷ್ಟಾಗಿ ಏರಲ್ಲ. ನಾವು ಓಡಿದರೆ ಏದುಸಿರು! ನಿಧಾನಕ್ಕೆ ಮೇಯುವಾಗ ಮಾತ್ರ ಈ ಪಾದವೇ ಅಡ್ಡಿ. ಆಗ ಬಾಲವನ್ನ ಐದನೇ ಕಾಲಾಗಿ ಊರಿ ಮೈಯನ್ನ ಮುಂದಕ್ಕೆ ತಳ್ಳುತ್ತೆ.

ಸರಿ, ಕಾಂಗರೂ ಯಾವುದು, ವಾಲಬಿ ಯಾವುದು? ಗಾತ್ರದ ಲೆಕ್ಕ, ಅಷ್ಟೇ. ದೊಡ್ಡದು ಕಾಂಗರೂ, ಚಿಕ್ಕದು ವಾಲಬಿ, ನಡುವಿನದಕ್ಕೆ ವಾಲರೂ ಅಂತಾರೆ. ವಿಜ್ಞಾನದಲ್ಲಿ ಈ ಗೆರೆ ಅಷ್ಟು ಗಟ್ಟಿ ಇಲ್ಲ.

[ಪರದೆ ಮೇಲೆ: ಆಸ್ಟ್ರೇಲಿಯಾ ನಕ್ಷೆ, ಈಶಾನ್ಯ ಕರಾವಳಿ.]

ಇನ್ನು ಆ ವಾಟ್ಸಾಪ್ ಕತೆ. ಕ್ಯಾಪ್ಟನ್ ಕುಕ್ "ಇದೇನು?" ಅಂದನಂತೆ, ಅಲ್ಲಿನವರು "ಗೊತ್ತಿಲ್ಲ" ಅಂದರಂತೆ, ಅದೇ 'ಕಾಂಗರೂ' ಆಯ್ತಂತೆ. ಶುದ್ಧ ಸುಳ್ಳು. 1770ರಲ್ಲಿ ಎಂಡೆವರ್ ನದಿ ದಡದಲ್ಲಿ ಕುಕ್ ಜೊತೆಗಾರರು ಬರೆದುಕೊಂಡಿದ್ದು ಗೂಗು ಯಿಮಿದಿರ್ ಜನರ ಪದ, 'ಗಂಗುರು'. ದೊಡ್ಡ ಕಾಂಗರೂಗಳಲ್ಲಿ ಒಂದು ಬಗೆಯ ಹೆಸರದು. 1970ರ ದಶಕದಲ್ಲಿ ಭಾಷಾವಿಜ್ಞಾನಿ ಜಾನ್ ಹ್ಯಾವಿಲ್ಯಾಂಡ್ ಅದೇ ಜನರ ನಡುವೆ ಕೆಲಸ ಮಾಡಿದಾಗ ಪದ ಇನ್ನೂ ಬಳಕೆಯಲ್ಲಿತ್ತು. 'ವಾಲಬಿ' ಬಂದಿದ್ದು ಸಿಡ್ನಿ ಸುತ್ತಲಿನ ದಾರುಗ್ ಭಾಷೆಯಿಂದ.

[ದೃಶ್ಯ: ಮಳೆಕಾಡು. ಕೊಂಬೆ ಮೇಲೆ ಕಂದು ಪ್ರಾಣಿ.]

ಇದು ಯಾರು? ಕರಡಿ ಮರಿ ಅಲ್ಲ, ಮರಗಾಂಗರೂ. ನ್ಯೂ ಗಿನಿ ಮತ್ತು ಕ್ವೀನ್ಸ್‌ಲ್ಯಾಂಡ್‌ನ ಉತ್ತರ ಭಾಗದ ಕಾಡುಗಳಲ್ಲಿರುತ್ತೆ. ಕುಟುಂಬ ಅದೇ ದೀರ್ಘಪಾದಿ, ಪಾದ ಮಾತ್ರ ಗಿಡ್ಡ, ಅಗಲ! ಪೂರ್ವಜರು ನೆಲದಲ್ಲಿದ್ದವರು, ಇವು ಮತ್ತೆ ಮರ ಹತ್ತಿದವು. ಬಯಲಿನ ನೆಂಟರು ಕುಪ್ಪಳಿಸುವಾಗ ಎರಡೂ ಹಿಂಗಾಲು ಒಟ್ಟಿಗೇ ಎತ್ತುತ್ತಾರೆ. ಇದು ಕೊಂಬೆ ಮೇಲೆ ಒಂದಾದ ಮೇಲೊಂದು ಹೆಜ್ಜೆ ಇಡುತ್ತೆ, ನಮ್ಮ ಹಾಗೆ.