ಒಡೆಯುವ ಕಂಠದ ಪರವಾಗಿ: ರಾಕ್ ಗಾಯಕರಲ್ಲಿ ಯಾರು ದೊಡ್ಡವರು?

ಎಲ್ಲರಿಗೂ ನಮಸ್ಕಾರ.

1963ರ ಫೆಬ್ರವರಿ 11, ಸೋಮವಾರ. ಲಂಡನ್ನಿನ ಅಬ್ಬೆ ರೋಡ್‌ನ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದ ನಾಲ್ವರು ಹುಡುಗರು ಬೆಳಿಗ್ಗೆಯಿಂದ ಹಾಡುತ್ತಿದ್ದಾರೆ. ಮೊದಲ ಎಲ್‌ಪಿಗೆ ಬೇಕಾದ ಹಾಡುಗಳನ್ನು ಒಂದೇ ದಿನದಲ್ಲಿ ಮುಗಿಸಬೇಕು. ಜಾನ್ ಲೆನನ್‌ಗೆ ಜೋರು ನೆಗಡಿ. ಹಾಲು ಕುಡಿದು, ಗಂಟಲಿನ ಮಾತ್ರೆ ಚಪ್ಪರಿಸಿ ಹೇಗೋ ದಿನ ದೂಡಿದ್ದಾರೆ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಒಂದು ಹಾಡನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದರು. ಅದನ್ನು ಮೊದಲೇ ಹಾಡಿಸಿದರೆ ಆಮೇಲೆ ಹಾಡಲು ಗಂಟಲೇ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಹಾಡು 'ಟ್ವಿಸ್ಟ್ ಆ್ಯಂಡ್ ಶೌಟ್'. ರಾತ್ರಿ ಹತ್ತರ ಹೊತ್ತಿಗೆ ಲೆನನ್ ಅಂಗಿ ಬಿಚ್ಚಿ ಮೈಕಿನ ಮುಂದೆ ನಿಂತು ಅದನ್ನು ಹಾಡಿದರು. ಇನ್ನೊಮ್ಮೆ ಪ್ರಯತ್ನಿಸಿದರೆ ದನಿಯೇ ಹೊರಡಲಿಲ್ಲ. ಇವತ್ತು ನಾವು ಕೇಳುವುದು ಆ ಮೊದಲ ಸಲದ್ದನ್ನೇ.

ರಾಕ್ ಗಾಯಕರಲ್ಲಿ ಯಾರು ದೊಡ್ಡವರು ಎಂಬ ಜಗಳ ನಡೆದಾಗಲೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಸಂಗೀತದ ಪಾಠಶಾಲೆಯಲ್ಲಿ ಆ ಹಾಡಿಗೆ ಎಷ್ಟು ಅಂಕ ಬಂದೀತು? ಗಂಟಲು ಕಟ್ಟಿದೆ, ತಾರಸ್ಥಾಯಿಯಲ್ಲಿ ಸ್ವರ ಹರಿದುಹೋಗಿದೆ, ಉಸಿರು ಸಾಲುತ್ತಿಲ್ಲ. ಆದರೂ ಅರುವತ್ತು ವರ್ಷ ಕಳೆದ ಮೇಲೆಯೂ ಆ ಹಾಡು ಕೇಳಿದವರ ಮೈ ಬೆಚ್ಚಗಾಗುತ್ತದೆ. ಹಾಗಾದರೆ ಅಳೆಯುವ ಕೋಲನ್ನೇ ನಾವು ಮೊದಲು ಪರೀಕ್ಷಿಸಬೇಕು.

ಸಾಮಾನ್ಯವಾಗಿ ಬಳಕೆಯಲ್ಲಿರುವ ಕೋಲು ಯಾವುದು? ಎಷ್ಟು ಸ್ಥಾಯಿ ಮುಟ್ಟುತ್ತಾರೆ ಎನ್ನುವುದು. ಇವರು ಮೂರು, ಅವರು ನಾಲ್ಕು, ಇನ್ನೊಬ್ಬರು ಐದು ಎಂದು ಕ್ರಿಕೆಟ್ ಸ್ಕೋರಿನಂತೆ ಪಟ್ಟಿ ಮಾಡುತ್ತಾರೆ. ಮರದ ಎತ್ತರ ಅಳೆದು ಹಣ್ಣಿನ ರುಚಿ ಹೇಳಿದ ಹಾಗಾಯಿತು. ಈ ಪಟ್ಟಿಗಳ ಬಗ್ಗೆ ನನ್ನ ಅಸಮಾಧಾನಕ್ಕೆ ಇನ್ನೊಂದು ಕಾರಣವೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕ್ವೀನ್ ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿ. ಇಲ್ಲಿ ಕೈ ಎತ್ತಿಸಿದರೆ ಹೆಚ್ಚು ಮತ ಅವರಿಗೇ ಬರುತ್ತದೆ, ನನಗೆ ಗೊತ್ತು. 1946ರಲ್ಲಿ ಜಾಂಜಿಬಾರಿನ ಪಾರ್ಸಿ ಮನೆಯಲ್ಲಿ ಹುಟ್ಟಿದ ಫಾರೂಖ್ ಬಲ್ಸಾರಾ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ವಸತಿ ಶಾಲೆಯಲ್ಲಿ. ಗೆಳೆಯರ ಜತೆ ಮೊದಲ ಬ್ಯಾಂಡ್ ಕಟ್ಟಿದ್ದೂ ಅಲ್ಲೇ. 1964ರ ಕ್ರಾಂತಿಯ ಹೊತ್ತಿಗೆ ಕುಟುಂಬ ಜಾಂಜಿಬಾರ್ ಬಿಟ್ಟು ಇಂಗ್ಲೆಂಡಿಗೆ ಹೋಯಿತು. ಅವರ ಬಾಯಲ್ಲಿ ನಾಲ್ಕು ಹಲ್ಲು ಹೆಚ್ಚಿಗೆ ಇದ್ದವು. ತೆಗೆಸಿದರೆ ದನಿ ಎಲ್ಲಿ ಬದಲಾಗುತ್ತದೋ ಎಂಬ ಹೆದರಿಕೆಯಿಂದ, ಕೈಯಲ್ಲಿ ಹಣ ಬಂದ ಮೇಲೂ ಅವನ್ನು ಹಾಗೇ ಇಟ್ಟುಕೊಂಡರು.

2016ರಲ್ಲಿ ಯುರೋಪಿನ ಧ್ವನಿವಿಜ್ಞಾನಿಗಳ ಒಂದು ತಂಡ ಅವರ ಕಂಠವನ್ನು ಪರೀಕ್ಷಿಸಿತು. ಸಂದರ್ಶನಗಳಲ್ಲಿ ಅವರು ಮಾತಾಡುವ ದನಿಯನ್ನು ಅಳೆದಾಗ ಅದರ ಮೂಲ ಕಂಪನ ಸುಮಾರು 117 ಹರ್ಟ್ಜ್. ಅಂದರೆ ಹುಟ್ಟಿನಿಂದ ಅವರದು ತಗ್ಗಿನ ದನಿ. ಅಷ್ಟು ಮೇಲೆ ಹೋಗಿ ಹಾಡಿದ್ದೆಲ್ಲ ದುಡಿದು ಗಳಿಸಿದ್ದು. ಫ್ರೆಡ್ಡಿ ನಾಲ್ಕು ಸ್ಥಾಯಿ ಮುಟ್ಟುತ್ತಿದ್ದರು ಎಂಬ ಪ್ರಸಿದ್ಧ ಕತೆಗೆ ವಿಜ್ಞಾನಿಗಳಿಗೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ. ದೀರ್ಘ ಸ್ವರ ಹಿಡಿದಾಗ ಅದು ಅಲುಗುವ ವೇಗ ಸೆಕೆಂಡಿಗೆ ಏಳು ಸಲ, ಸಾಮಾನ್ಯ ಗಾಯಕರಿಗಿಂತ ಚುರುಕು. ಅದಕ್ಕಿಂತ ಮುಖ್ಯವಾದದ್ದು ಅವರ ಹಾಡಿನಲ್ಲಿ ಕೇಳುವ ಆ ಗುರುಗುಟ್ಟುವಿಕೆ. ಅದನ್ನು ಅರ್ಥ ಮಾಡಿಕೊಳ್ಳಲು ಇನ್ನೊಬ್ಬ ಗಾಯಕರಿಂದ ಅದೇ ರೀತಿ ಹಾಡಿಸಿ, ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆಯುವ ಕ್ಯಾಮೆರಾವನ್ನು ಗಂಟಲಿಗೆ ಇಳಿಸಿ ನೋಡಿದರು. ನಾವು ಮಾತಾಡುವಾಗ ಸುಮ್ಮನಿರುವ, ಧ್ವನಿತಂತುಗಳ ಮೇಲಿನ ಮಡಿಕೆಗಳೂ ಆಗ ಜತೆಗೂಡಿ ಕಂಪಿಸುತ್ತಿದ್ದವು. ಮಧ್ಯ ಏಷ್ಯಾದ ತುವಾ ಜನರ ಗಂಟಲು ಹಾಡಿಕೆಯಲ್ಲಿ ಕೆಲಸ ಮಾಡುವುದೂ ಇವೇ.

ಇದನ್ನು ಇಷ್ಟು ಬಿಡಿಸಿ ಹೇಳಿದ್ದೇಕೆಂದರೆ, ಜನ 'ಒರಟು' ಎಂದು ಕರೆಯುವ ಆ ದನಿಯ ಒಳಗೆ ಎಷ್ಟು ಸೂಕ್ಷ್ಮವಾದ ಹತೋಟಿ ಇದೆ ಎಂದು ನೀವು ಕಾಣಬೇಕು. ರಾಕ್ ಗಾಯನದ ಕೌಶಲ ಕಂಠ ಒಡೆಯುವ ಅಂಚಿನಲ್ಲಿದೆ. ಅಂಚಿನಿಂದ ದೂರ ನಿಂತರೆ ಅದು ಇಂಪಾದ ಹಾಡು, ಅಷ್ಟೇ. ದಾಟಿ ಬಿದ್ದರೆ ಬರೀ ಕಿರುಚಾಟ. ಆ ಅಂಚಿನ ಮೇಲೇ ನಿಂತು ಶ್ರುತಿ ಬಿಡದೆ ಹಾಡುವವರು ದೊಡ್ಡವರು. 1985ರ ಜುಲೈ 13ರಂದು ವೆಂಬ್ಲಿಯ ಲೈವ್ ಏಯ್ಡ್ ಕಾರ್ಯಕ್ರಮದಲ್ಲಿ ಫ್ರೆಡ್ಡಿ ವಾದ್ಯಗಳನ್ನೆಲ್ಲ ನಿಲ್ಲಿಸಿ, ಬರೀ ಕಂಠದಿಂದ ಒಂದೊಂದೇ ಸ್ವರಗುಚ್ಛ ಎಸೆದು ಸುಮಾರು 72,000 ಜನರಿಂದ ಅದನ್ನು ವಾಪಸು ಹಾಡಿಸಿದರಲ್ಲ, ಆ ದೃಶ್ಯವನ್ನು ಮತ್ತೆ ನೋಡಿ. ಪಾಠ ಹೇಳಿಕೊಡುವ ಗುರುವಿನ ಹಾಗೆ ನಿಂತಿದ್ದಾರೆ.

ರಾಬರ್ಟ್ ಪ್ಲಾಂಟ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1969ರ ಲೆಡ್ ಝೆಪ್ಲಿನ್ ತಂಡದ ರೆಕಾರ್ಡುಗಳಲ್ಲಿ ಅವರ ಕಂಠ ಗಿಟಾರಿನ ಜತೆ ಸವಾಲು ಜವಾಬಿಗೆ ಇಳಿಯುತ್ತದೆ. ನನಗೆ ಅದಕ್ಕಿಂತ ಇಷ್ಟವಾದದ್ದು ವಯಸ್ಸಾದ ಮೇಲಿನ ಪ್ಲಾಂಟ್. 2007ರಲ್ಲಿ ಗಾಯಕಿ ಅಲಿಸನ್ ಕ್ರೌಸ್ ಜತೆ ಪಿಸುಮಾತಿನಂತೆ ಹಾಡಿದ ಆಲ್ಬಂ ಕೇಳಿ. ಕೂಗುವುದನ್ನು ಬಿಟ್ಟುಕೊಡುವುದಕ್ಕೂ ಧೈರ್ಯ ಬೇಕು. ಇನ್ನು ಐರನ್ ಮೇಡನ್‌ನ ಬ್ರೂಸ್ ಡಿಕಿನ್ಸನ್. 2007ರ ಮಾರ್ಚ್ 17ರ ಸಂಜೆ ಬೆಂಗಳೂರಿನ ಅರಮನೆ ಮೈದಾನದಲ್ಲಿ, ಧೂಳು ಮತ್ತು ಬೆವರಿನ ನಡುವೆ ನಿಂತು ಅವರನ್ನು ಕೇಳಿದವರಲ್ಲಿ ನಾನೂ ಒಬ್ಬ. ವೇದಿಕೆಯ ಆ ತುದಿಯಿಂದ ಈ ತುದಿಗೆ ಓಡುತ್ತಲೇ ಹಾಡಿದರು. ಅಷ್ಟು ಓಡಿದ ಮೇಲೂ ಉಸಿರು ಎಲ್ಲಿಂದ ಬರುತ್ತಿತ್ತೋ! ಮನೆಗೆ ಬಂದಾಗ ನನ್ನ ದನಿಯೇ ಹೋಗಿತ್ತು.

ಈಗ ಪಟ್ಟಿಗಳ ವಿಷಯ. ರೋಲಿಂಗ್ ಸ್ಟೋನ್ ಪತ್ರಿಕೆ 2008ರಲ್ಲಿ ನೂರು ಗಾಯಕರ ಹೆಸರು ಪ್ರಕಟಿಸಿತು. ಮೊದಲು ಅರೀಥಾ ಫ್ರಾಂಕ್ಲಿನ್, ಏಳನೆಯವರು ಬಾಬ್ ಡಿಲನ್, ಹದಿನೈದು ಪ್ಲಾಂಟ್, ಹದಿನೆಂಟು ಫ್ರೆಡ್ಡಿ. ಕೂಡಲೇ ಜನ ಕೇಳಿದ್ದು, 'ಅರೀಥಾ ರಾಕ್ ಹೇಗಾಗುತ್ತಾರೆ, ಅವರದು ಸೋಲ್ ಅಲ್ಲವೇ?' ಎಂದು. ಸೋಲ್ ಎಂದರೆ ಅಮೆರಿಕದ ಕರಿಯರ ನಡುವೆ ಬೆಳೆದ ಸಂಗೀತ ಪ್ರಕಾರ. ಈ ಪ್ರಶ್ನೆಯ ಬೇರು ಆಳದಲ್ಲಿದೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಕರಿಯರ ಹಾಡುಗಳ ಯಾದಿಗೆ 1949ರವರೆಗೂ 'ರೇಸ್ ರೆಕಾರ್ಡ್ಸ್' ಎಂಬ ಹೆಸರಿಟ್ಟಿತ್ತು. ಆಮೇಲೆ ಅದು 'ರಿದಮ್ ಆ್ಯಂಡ್ ಬ್ಲೂಸ್' ಆಯಿತು. ಹೆಸರು ಬದಲಾಯಿತು, ಗೋಡೆ ಉಳಿಯಿತು. ಅದೇ ಹಾಡನ್ನು ಬಿಳಿಯರು ಹಾಡಿದರೆ ರಾಕ್, ಕರಿಯರು ಹಾಡಿದರೆ ಬೇರೆ ಏನೋ. 'ಹೌಂಡ್ ಡಾಗ್' ಹಾಡನ್ನು ಕರಿಯ ಗಾಯಕಿ ಬಿಗ್ ಮಾಮಾ ಥಾರ್ನ್‌ಟನ್ 1952ರಲ್ಲೇ ಧ್ವನಿಮುದ್ರಿಸಿದ್ದರು. ಜಗತ್ತು ನೆನಪಿಟ್ಟುಕೊಂಡಿದ್ದು 1956ರ ಎಲ್ವಿಸ್ ಪ್ರೀಸ್ಲಿಯನ್ನು. ಎಲ್ವಿಸ್ ದೊಡ್ಡ ಗಾಯಕರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾರನ್ನು ರಾಕ್ ಎಂದು ಕರೆಯಬೇಕು ಎಂಬುದನ್ನು ಮೊದಲೇ ಹೀಗೆ ತೀರ್ಮಾನಿಸಿಟ್ಟು, ಆಮೇಲೆ 'ದೊಡ್ಡವರು ಯಾರು' ಎಂದು ಚರ್ಚಿಸಿದರೆ ಅದು ಅರ್ಧ ಜನರನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿ ನಡೆಸಿದ ಪಂಚಾಯಿತಿ.

ಜಾನಿಸ್ ಜಾಪ್ಲಿನ್‌ಗೆ ಇದು ಗೊತ್ತಿತ್ತು. ಟೆಕ್ಸಸ್‌ನ ಬಿಳಿಯ ಹುಡುಗಿ, ಹಾಡಲು ಕಲಿತದ್ದು ಕರಿಯ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅವರ ಹಳೆಯ ರೆಕಾರ್ಡುಗಳಿಂದ. 1967ರ ಮಾಂಟೆರಿ ಉತ್ಸವದಲ್ಲಿ ಆಕೆ ಹಾಡಿದ್ದು ಬಿಗ್ ಮಾಮಾ ಥಾರ್ನ್‌ಟನ್ ಅವರ ಹಾಡನ್ನೇ. ಬೆಸ್ಸಿ 1937ರಲ್ಲಿ ತೀರಿಕೊಂಡಿದ್ದರು. ಫಿಲಡೆಲ್ಫಿಯಾ ಬಳಿಯ ಅವರ ಸಮಾಧಿಗೆ ಮೂವತ್ತಮೂರು ವರ್ಷ ಒಂದು ಕಲ್ಲೂ ಇರಲಿಲ್ಲ. 1970ರ ಆಗಸ್ಟಿನಲ್ಲಿ ಕಲ್ಲು ನಿಂತಿತು. ಅದರ ಖರ್ಚಿನಲ್ಲಿ ಪಾಲು ಕೊಟ್ಟವರಲ್ಲಿ ಜಾನಿಸ್ ಒಬ್ಬರು. ಎರಡು ತಿಂಗಳೊಳಗೆ, ಅಕ್ಟೋಬರ್ 4ರಂದು, 27ನೇ ವಯಸ್ಸಿನಲ್ಲಿ ಆಕೆಯೂ ಹೋದರು. ಆಕೆಯ ಹಾಡು ಕೇಳುವಾಗ ಈ ಕಲ್ಲು ನನ್ನ ಕಣ್ಣೆದುರು ಬರುತ್ತದೆ.

ಮೆರಿ ಕ್ಲೇಟನ್ ಅವರ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? 1969, ಲಾಸ್ ಏಂಜಲಿಸ್. ಮಲಗುವ ಹೊತ್ತಿಗೆ ಫೋನ್ ಬಂತು, ರೋಲಿಂಗ್ ಸ್ಟೋನ್ಸ್ ತಂಡಕ್ಕೆ ಹೆಣ್ಣು ದನಿ ಬೇಕಂತೆ. ಆಕೆ ತುಂಬು ಗರ್ಭಿಣಿ. ಕೂದಲಿಗೆ ಸುತ್ತಿದ ಕರ್ಲರ್ ಸಮೇತ ಹೋಗಿ 'ಗಿಮ್ಮಿ ಶೆಲ್ಟರ್' ಹಾಡಿನ ತನ್ನ ಭಾಗ ಹಾಡಿದರು. ಕೊಲೆ ಎಂಬರ್ಥದ ಪದವನ್ನು ಮತ್ತೆ ಮತ್ತೆ ಹೇಳುವಲ್ಲಿ ದನಿ ಪಟ್ಟನೆ ಒಡೆಯುತ್ತದೆ. ಹಿಂದಿನಿಂದ ಯಾರೋ ಬೆರಗಿನಿಂದ ಉದ್ಗರಿಸಿದ್ದೂ ರೆಕಾರ್ಡಿನಲ್ಲಿ ಕೇಳಿಸುತ್ತದೆ. ಅಷ್ಟಾದ ಮೇಲೆ ಆಲ್ಬಮ್ಮಿನ ಹೊದಿಕೆಯಲ್ಲಿ ಆಕೆಯ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದರು. ನನ್ನ ಪಾಲಿಗೆ ರಾಕ್ ಸಂಗೀತದ ಅತಿ ದೊಡ್ಡ ಕ್ಷಣ ಅದು. ಆದರೆ ಒಂದು ಕ್ಷಣ ಬೇರೆ, ಒಬ್ಬ ಗಾಯಕರ ಒಟ್ಟು ಬದುಕು ಬೇರೆ.

ಹಾಗಾದರೆ ನಿನ್ನ ಆಯ್ಕೆ ಯಾರಪ್ಪಾ ಎಂದು ನೀವು ಕೇಳುತ್ತೀರಿ. ತಪ್ಪಿಸಿಕೊಳ್ಳುವುದಿಲ್ಲ. ಲಿಟಲ್ ರಿಚರ್ಡ್.

1932ರಲ್ಲಿ ಜಾರ್ಜಿಯಾದ ಮೇಕನ್ ಊರಿನಲ್ಲಿ ಹುಟ್ಟಿದವರು. ಚರ್ಚಿನಲ್ಲಿ ಜೋರಾಗಿ ಕಿರುಚುತ್ತಿದ್ದ ಹುಡುಗ. 1947ರಲ್ಲಿ, ಗಿಟಾರ್ ಹಿಡಿದು ದೇವರ ಹಾಡು ಹಾಡುತ್ತಿದ್ದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಮೇಕನ್‌ಗೆ ಬಂದಾಗ ಆ ಹುಡುಗನ ದನಿ ಕೇಳಿ ವೇದಿಕೆಗೆ ಕರೆದು ಹಾಡಿಸಿದರು. ಆ ಪ್ರಸಿದ್ಧ 'ವೂ' ಎಂಬ ಎತ್ತರದ ಕೂಗನ್ನು ತಾನು ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಗಾಯಕಿ ಮರಿಯನ್ ವಿಲಿಯಮ್ಸ್ ಅವರಿಂದ ಎತ್ತಿಕೊಂಡೆ ಎಂದು ರಿಚರ್ಡ್ ಹೇಳಿಕೊಂಡಿದ್ದಾರೆ. 1962ರಲ್ಲಿ ಇಂಗ್ಲೆಂಡ್ ಮತ್ತು ಹ್ಯಾಂಬರ್ಗ್‌ನಲ್ಲಿ ಅದೇ ಕೂಗು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಗೆ ದಾಟಿತು. ಬಾಯಿಂದ ಬಾಯಿಗೆ ಬಂದ ವಿದ್ಯೆ, ನಮ್ಮ ಗುರುಪರಂಪರೆಯ ಹಾಗೆಯೇ.

1955ರ ಸೆಪ್ಟೆಂಬರ್, ನ್ಯೂ ಆರ್ಲಿಯನ್ಸ್. ರೆಕಾರ್ಡಿಂಗ್ ಸಪ್ಪೆಯಾಗಿ ನಡೆಯುತ್ತಿತ್ತು. ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್‌ಗೆ ಬೇಸರ ಬಂದಿತ್ತು. ಬಿಡುವಿನಲ್ಲಿ ಹತ್ತಿರದ ಕ್ಲಬ್ಬು ಡ್ಯೂ ಡ್ರಾಪ್ ಇನ್‌ಗೆ ಹೋದಾಗ ಅಲ್ಲಿದ್ದ ಪಿಯಾನೊ ನೋಡಿ ರಿಚರ್ಡ್ ಕುಳಿತು, ಮಡಿವಂತರು ಕಿವಿ ಮುಚ್ಚಿಕೊಳ್ಳುವಂಥ ಒಂದು ಹಾಡು ಹೇಳಿದರು. ಡ್ರಮ್ಮಿನ ಬಡಿತವನ್ನು ಬಾಯಲ್ಲಿ ಹೇಳುವ ಅರ್ಥವಿಲ್ಲದ ಅಕ್ಷರಗಳು, ನಮ್ಮ ಕೊನ್ನಕ್ಕೋಲ್ ನೆನಪಿಸುವಂಥವು. ಬ್ಲ್ಯಾಕ್‌ವೆಲ್ ಕಿವಿ ನೆಟ್ಟಗಾಯಿತು. ಡೊರೊತಿ ಲಾಬೊಸ್ಟ್ರಿ ಎಂಬ ಕವಯಿತ್ರಿಯನ್ನು ಕರೆಸಿ ಪೋಲಿ ಸಾಲುಗಳನ್ನು ಬದಲಾಯಿಸಿದರು. ಸ್ಟುಡಿಯೋ ಸಮಯದಲ್ಲಿ ಉಳಿದಿದ್ದ ಕಡೆಯ ಕಾಲು ಗಂಟೆಯಲ್ಲಿ 'ಟೂಟಿ ಫ್ರೂಟಿ' ಮುಗಿಯಿತು. ಮುಂದೆ ಪ್ಯಾಟ್ ಬೂನ್ ಎಂಬ ಬಿಳಿಯ ಗಾಯಕ ಅದನ್ನು ನಯವಾಗಿ ಹಾಡಿದ್ದು ಯಾದಿಯಲ್ಲಿ ಇವರಿಗಿಂತ ಮೇಲೇರಿತು. ಎರಡನ್ನೂ ಒಟ್ಟಿಗೆ ಕೇಳಿ. ಬೂನ್ ಒಂದು ಸ್ವರವನ್ನೂ ತಪ್ಪಿಲ್ಲ. ಅದರಲ್ಲಿ ಒಂದು ಕಿಡಿಯೂ ಇಲ್ಲ.

ಆಕ್ಷೇಪಣೆ ಬರುತ್ತದೆ. ರಿಚರ್ಡ್ ಅವರ ಉತ್ತಮ ಹಾಡುಗಳೆಲ್ಲ 1955ರಿಂದ 1957ರವರೆಗಿನ ಎರಡು ವರ್ಷದವು, ಫ್ರೆಡ್ಡಿಯ ವೈವಿಧ್ಯ ಎಲ್ಲಿ, ಇದೆಲ್ಲಿ, ಎಂದು. ಒಪ್ಪುತ್ತೇನೆ. ಮೊಂಟ್ಸೆರಾ ಕಬಾಯೆ ಅವರಂಥ ಆಪೆರಾ ಗಾಯಕಿಯ ಪಕ್ಕ ನಿಂತು ಹಾಡಿದ ಫ್ರೆಡ್ಡಿಯ ಹರವು ಇವರಿಗಿಲ್ಲ. ಆದರೂ ನನ್ನ ಆಯ್ಕೆ ಬದಲಾಗುವುದಿಲ್ಲ. ಕಂಠದ ಅಂಚಿನಲ್ಲಿ ಹೀಗೆ ನಿಲ್ಲಬಹುದು ಎಂದು ರಾಕ್‌ನಲ್ಲಿ ಹೊಸ ತಲೆಮಾರಿಗೆ ತೋರಿಸಿಕೊಟ್ಟ ದೊಡ್ಡ ಕಂಠ ಅದು. ಆ ಹರಿದ ದನಿಯಲ್ಲೂ ಶ್ರುತಿ ಕೂದಲೆಳೆಯಷ್ಟೂ ಅಲುಗುವುದಿಲ್ಲ, ದಿನವಿಡೀ ಕೇಳಿ ಪರೀಕ್ಷಿಸಿದ್ದೇನೆ. ಲೆನನ್ ನೆಗಡಿಯಲ್ಲಿ ಒಂದು ರಾತ್ರಿ ಮುಟ್ಟಿದ ಜಾಗದಲ್ಲಿ ರಿಚರ್ಡ್ ಹಾಡು ಹಾಡಿಗೂ ನಿಂತಿದ್ದರು.

ಈಗ 'ಟೂಟಿ ಫ್ರೂಟಿ' ಹಾಡನ್ನು ಹಾಕುತ್ತೇನೆ, ಎರಡೂವರೆ ನಿಮಿಷವೂ ಇಲ್ಲ. ಹಾಡಿನ ನಡುವೆ ಸ್ಯಾಕ್ಸೊಫೋನ್ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಅವರೊಮ್ಮೆ ಕೂಗುತ್ತಾರೆ. ಆ ಕೂಗಿಗೆ ಕಿವಿ ಕೊಡಿ.