ಎಂಜಿನ್ ಬಿಚ್ಚೋ ಮುಂಚೆ ಸ್ವಲ್ಪ ಕೇಳಿ

ಹೋದ ತಿಂಗಳು ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂತು. ಹನ್ನೊಂದೇ ಸೆಕೆಂಡ್. ಬಾನೆಟ್ ತೆಗೆದಿದೆ, ಎಂಜಿನ್ ಓಡುತ್ತಿದೆ, ಟಿಕ್ ಟಿಕ್ ಟಿಕ್. ಕೆಳಗೆ ಗೆಳೆಯನ ಒಂದು ಸಾಲು: "ಬೇರಿಂಗ್ ಹೋಗೇತಿ ಅಂತಾರಲೇ, ಎಂಜಿನ್ ಇಳಸಬೇಕಂತ."

ಎರಡು ಬಾಗಿಲಿನ ಟರ್ಬೊ ಪೆಟ್ರೋಲ್ ಕಾರು. ಪುಣೆಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಬಂದ ಎರಡೇ ತಿಂಗಳಲ್ಲಿ ಟರ್ಬೊದಿಂದ ಹೊಗೆ ಹೊರಗೊಯ್ಯುವ ಡೌನ್‌ಪೈಪ್ ಬದಲಾಯಿತು, ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ ಲೆಕ್ಕ (ಮ್ಯಾಪ್) ಬದಲಾಗಿ ರೀಮ್ಯಾಪ್ ಆಯಿತು, ಎಂಜಿನ್ ಕೂರಿಸುವ ಮೌಂಟ್‌ನ ಮೆತ್ತನೆ ರಬ್ಬರ್ ಹೋಗಿ ಗಟ್ಟಿ ಪಾಲಿಯುರೆಥೇನ್ ಬಂತು. ಆಮೇಲೆ ಸದ್ದು ಬಂತು. ಈ 'ಆಮೇಲೆ'ಯನ್ನು ಯಾರೂ ಕೇಳಿರಲೇ ಇಲ್ಲ ನೋಡಿ! ವಿಡಿಯೊ ನೋಡಿದವರೆಲ್ಲ ಸೀದಾ ಎಂಜಿನ್ ತಳದಲ್ಲಿ ಬೇರಿಂಗ್ ಮೇಲೆ ತಿರುಗುವ ಕ್ರ್ಯಾಂಕ್‌ಗೇ ಕೈ ಹಾಕಿದ್ದರು.

ನನ್ನ ತಕರಾರು ಇರೋದು ಇದಕ್ಕೇ. ಫೋನ್ ಮೈಕ್ ಮಾಡಿರೋದು ಮಾತಾಡೋಕೆ. ಸಣ್ಣ ಸದ್ದನ್ನು ಅದು ತಾನೇ ಏರಿಸುತ್ತದೆ, ದೊಡ್ಡದನ್ನು ಇಳಿಸುತ್ತದೆ, ಎಂಜಿನ್ ತಳದಿಂದ ಬರುವ ದಪ್ಪ 'ಧಡ್ ಧಡ್' ಅನ್ನು ಅರ್ಧ ನುಂಗಿಬಿಡುತ್ತದೆ. ನಿಜವಾಗಿ ಹೆದರಬೇಕಾದ ಸದ್ದು ಅದರಲ್ಲಿ ಮೆತ್ತಗೆ ಕೇಳುತ್ತದೆ. ಪೆಟ್ರೋಲನ್ನು ಸೀದಾ ಸಿಲಿಂಡರ್ ಒಳಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನ ಇಂಜೆಕ್ಟರ್ ಮಾಡುವ ಮಾಮೂಲಿ ಟಿಕ್‌ಟಿಕ್ ಮಾತ್ರ ಹೊಲಿಗೆ ಮಷೀನ್ ಥರ ಕಿವಿಗೆ ಬಡಿಯುತ್ತದೆ. ಇದನ್ನು ನಂಬಿ ಲಕ್ಷಗಟ್ಟಲೆ ಖರ್ಚಿಗೆ ಇಳಿಯೋದಾ?

ಬೆಳಗಾವಿಯ ಉದ್ಯಮಬಾಗದಲ್ಲಿ ನಮಗೆ ಪರಿಚಯದ ಒಬ್ಬ ಮಿಸ್ತ್ರಿ ಕಾಕಾ ಇದ್ದಾರೆ. ಸುತ್ತ ಫೌಂಡ್ರಿ, ಲೇತ್, ಗ್ರೈಂಡರ್ ಗದ್ದಲ. ಅದರ ನಡುವೆಯೂ ಅವರ ಕಿವಿ ಚುರುಕು. ಕಾರು ಒಯ್ದರೆ ಬಾನೆಟ್ ಕೂಡ ತೆಗೆಯಲಿಲ್ಲ. "ಗಾಡಿ ರಾತ್ರಿ ಇಲ್ಲೇ ಬಿಡ್ರಿ. ಮುಂಜಾನೆ ತಣ್ಣಗಿದ್ದಾಗ ನಾನ ಚಾಲೂ ಮಾಡ್ತೀನಿ" ಅಂದರು.

ಮುಂಜಾನೆ ಚಾಲೂ ಆಯಿತು, ಸದ್ದೂ ಬಂತು. ಕಾಕಾ ಒಂದು ಉದ್ದ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿ ಪಕ್ಕದ ಎಲುಬಿಗೆ ಆನಿಸಿ ಕೇಳಿದರು. ಕೆಳಗೆ ಏನಿಲ್ಲ. ಸದ್ದು ಮೇಲಿಂದ. ಇನ್ನೊಂದು ಲೆಕ್ಕ ನೋಡಿ. ಐಡಲ್‌ನಲ್ಲಿ 800 ಆರ್‌ಪಿಎಂ, ಅಂದರೆ ನಿಮಿಷಕ್ಕೆ 800 ಸುತ್ತು; ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 13 ಸುತ್ತು. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಅದರ ಅರ್ಧ, 6-7. ಕ್ರ್ಯಾಂಕ್‌ನ ಪ್ರತಿ ಸುತ್ತಿಗೂ ಬರುವ ಸದ್ದು ಗಡಗಡ ಅಂತ ಕೂಡಿಕೊಂಡಂತೆ ಇರುತ್ತದೆ. ನಮ್ಮದು ಬಿಡಿಬಿಡಿಯಾಗಿ, ಎರಡು ಸುತ್ತಿಗೊಮ್ಮೆ ಬಂದಂತೆ ಕೇಳುತ್ತಿತ್ತು. ಹಾಗಾದರೆ ವಾಲ್ವ್ ಕಡೆಯದ್ದು, ಇಲ್ಲವೇ ಒಂದೇ ಸಿಲಿಂಡರ್‌ನ ಎಕ್ಸಾಸ್ಟ್‌ದು.

ಐದು ನಿಮಿಷಕ್ಕೆ ಸದ್ದು ತಾನಾಗೇ ನಿಂತಿತು. ಬೇರಿಂಗ್ ಹೋಗಿದ್ದರೆ ಉಲ್ಟಾ ಆಗಬೇಕಿತ್ತು, ಅಲ್ವಾ? ಆಯಿಲ್ ಬಿಸಿಯಾದಷ್ಟೂ ತೆಳುವಾಗುತ್ತದೆ, ಬಡಿತ ಜಾಸ್ತಿಯಾಗುತ್ತದೆ. ಇಲ್ಲಿ ಲೋಹ ಕಾದು ಹಿಗ್ಗಿ ಸಂದು ಮುಚ್ಚಿಕೊಂಡಿತ್ತು. ಟಾರ್ಚ್ ಬಿಟ್ಟು ನೋಡಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಕೂಡಿಸುವ ಕೊಳವೆ) ಅಂಚಿಗೆ ಕಾಡಿಗೆ ಹಚ್ಚಿದಂತೆ ಕಪ್ಪು ಗೆರೆ, ಹೊಗೆ ಸೋರಿದ ಗುರುತು; ಅದನ್ನು ಬಿಗಿದಿದ್ದ ಪಕ್ಕದ ಸ್ಟಡ್ ಮುರಿದು ಅರ್ಧ ಒಳಗೇ ಉಳಿದಿದೆ. ಡೌನ್‌ಪೈಪ್ ಹಾಕಿದವರು ಅದರ ಬ್ರ್ಯಾಕೆಟ್ ಹಾಕಿರಲಿಲ್ಲ. ಪೈಪಿನ ಭಾರವೆಲ್ಲ ಟರ್ಬೊ ಮೇಲೆ, ಟರ್ಬೊ ಭಾರ ಮ್ಯಾನಿಫೋಲ್ಡ್ ಮೇಲೆ. ಸಾಲದ್ದಕ್ಕೆ ಆ ಗಟ್ಟಿ ಮೌಂಟ್ ಎಂಜಿನ್ನಿನ ಪ್ರತಿ ನಡುಕವನ್ನೂ ತಂದು ಸೀಟಿನ ಕೆಳಗೆ ಇಡುತ್ತಿತ್ತು. ಅದಕ್ಕೇ ಒಳಗೆ ಕೂತವನಿಗೆ ಅಷ್ಟು ಭಯ.

ಆದರೂ ಕಾಕಾ ಆಯಿಲ್ ಫಿಲ್ಟರ್ ಕತ್ತರಿಸಿದರು. ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದರು. ಬೇರಿಂಗ್ ಸವೆದಿದ್ದರೆ ಸಿಗಬೇಕಾದ ಮಿಣುಗುವ ಲೋಹದ ಚೂರು ಒಂದೂ ಇರಲಿಲ್ಲ. ಹೊಸ ಸ್ಟಡ್, ಗ್ಯಾಸ್ಕೆಟ್, ಬ್ರ್ಯಾಕೆಟ್ ಬಿದ್ದವು, ಮುಗೀತು.

ಮುಗೀತು ಅಂದುಕೊಂಡೆವು. ಮುಂದಿನ ಭಾನುವಾರ ಗೋವಾ ದಾರಿಯ ಚೋರ್ಲಾ ಘಾಟ್ ಹತ್ತುವಾಗ ನಾನೂ ಕಾರಿನಲ್ಲಿದ್ದೆ. ನಾಲ್ಕನೇ ಗೇರ್, ಆರ್‌ಪಿಎಂ ಕಡಿಮೆ, ಗೆಳೆಯ ಆಕ್ಸಿಲರೇಟರ್ ಪೂರ್ತಿ ಒತ್ತಿದ. ತಗಡಿನ ಮೇಲೆ ಜೋಳ ಉದುರಿದಂತೆ ಚಟಪಟ. "ಅದು ಟರ್ಬೊ ಸದ್ದು, ಮೊದಲಿಂದಾನೂ ಐತಿ" ಅಂದ! ಇಷ್ಟು ದಿನ ಯಾರಿಗೂ ವಿಡಿಯೊ ಕಳಿಸದ ಸದ್ದು ಅದು, ಎಂಜಿನ್ ಕೊಲ್ಲೋದೂ ಅದೇ. ಬೇಗ ಸಿಡಿಯದ, ಜಾಸ್ತಿ ಆಕ್ಟೇನ್ ಪೆಟ್ರೋಲ್ ಲೆಕ್ಕ ಹಿಡಿದು ಮಾಡಿದ ಮ್ಯಾಪ್, ಇವನು ಹಾಕಿಸೋದು ಸಾದಾ ಪೆಟ್ರೋಲ್. ಟರ್ಬೊ ತುರುಕುವ ಗಾಳಿಯ ಒತ್ತಡಕ್ಕೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿಯುತ್ತದೆ. ಹೀಗೇ ಬಿಟ್ಟರೆ ಪಿಸ್ಟನ್ ಒಡೆಯಬಹುದು. ಕಾಲು ತೆಗೆಸಿ, ಗೇರ್ ಇಳಿಸೋಕೆ ಹೇಳಿ, ವಾಪಸ್ ಬಂದ ಮೇಲೆ ಹಳೇ ಮ್ಯಾಪ್ ಹಾಕಿಸಿದೆವು.

ನಿಮ್ಮ ಕಾರಿನಲ್ಲೂ ಏನಾದರೂ ಸದ್ದಿದ್ದರೆ ಕಾಮೆಂಟ್‌ನಲ್ಲಿ ಬರೆಯಿರಿ. ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಏರಿನಲ್ಲೋ ನಿಂತಾಗಲೋ, ಕೊನೆಗೆ ಬದಲಾಯಿಸಿದ ಪಾರ್ಟ್ ಯಾವುದು. ವಿಡಿಯೊ ಮಾತ್ರ ಬೇಡ ಮಾರಾಯರೇ.