ಸಪ್ಪಳಕ್ಕೆ ಸರ್ವೆ ನಂಬರ್ ಇಲ್ಲ

ಕೇಳುಗರಿಗೆಲ್ಲ ನಮಸ್ಕಾರ.

ಮಂಗಳೂರು–ಉಡುಪಿ ನಡುವೆ ಬಸ್ಸಿನಲ್ಲಿ ಓಡಾಡುವವರು ಪಡುಬಿದ್ರಿ ಹತ್ತಿರ ಒಮ್ಮೆಯಾದರೂ ಇದನ್ನು ನೋಡಿರುತ್ತೀರಿ. ಒಂದು ಉದ್ದದ ಟ್ರೈಲರ್, ಅದರ ಮೇಲೆ ಬಿಳಿ ರೆಕ್ಕೆ. ಹಿಂದೆ ನಮ್ಮ ಬಸ್ಸು ತೆವಳುತ್ತದೆ, ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ರೆಕ್ಕೆ ಮುಗಿಯುವುದೇ ಇಲ್ಲ. ಅಲ್ಲಿನ ಕಾರ್ಖಾನೆಯಲ್ಲಿ ತಯಾರಾಗುವ ಗಾಳಿಯಂತ್ರದ ರೆಕ್ಕೆ ಅದು. ಈಗಿನ ದೊಡ್ಡ ಯಂತ್ರಗಳ ಒಂದೊಂದು ರೆಕ್ಕೆ 50 ಮೀಟರಿಗಿಂತ ಉದ್ದ. ಮೂರು ಅಡಿಕೆ ಮರ ಸಾಲಾಗಿ ಮಲಗಿಸಿದ ಹಾಗೆ.

ರೆಕ್ಕೆ ನಮ್ಮೂರಿನದು, ತಿರುಗುವುದು ಮಾತ್ರ ಘಟ್ಟದ ಮೇಲೆ. ಗದಗ, ಚಿತ್ರದುರ್ಗ, ಕೊಪ್ಪಳ, ವಿಜಯಪುರದ ಕಡೆ. "ಆಟಿ ತಿಂಗಳಲ್ಲಿ ನಮ್ಮಲ್ಲಿ ಹಂಚು ಹಾರುವಷ್ಟು ಗಾಳಿ ಇದೆಯಲ್ಲ, ಇಲ್ಲೇ ಯಾಕೆ ಹಾಕುವುದಿಲ್ಲ?" ಎಂದು ನನ್ನನ್ನು ತುಂಬ ಜನ ಕೇಳಿದ್ದಾರೆ. ಹಂಚು ಹಾರಿಸುವ ಗಾಳಿ ಬೇರೆ, ಕರೆಂಟು ಕೊಡುವ ಗಾಳಿ ಬೇರೆ. ಯಂತ್ರಕ್ಕೆ ದಿನಗಟ್ಟಲೆ ಒಂದೇ ಸಮ ಬೀಸುವ ಗಾಳಿ ಬೇಕು. ವೇಗ ಅರ್ಧ ಆದರೆ ಗಾಳಿಯ ಶಕ್ತಿ ಅರ್ಧ ಆಗುವುದಿಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸೆಕೆಂಡಿಗೆ ಸುಮಾರು 25 ಮೀಟರ್ ದಾಟಿದರೆ ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಬಯಲುಸೀಮೆಯ ಗುಡ್ಡದ ನೆತ್ತಿಗಳಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಬೇಕಾದ ಹದದ ಗಾಳಿ ಸಿಗುತ್ತದೆ.

ನಾನು ಬ್ಯಾಂಕಿನಲ್ಲಿದ್ದವನು. ನಮ್ಮ ಜಿಲ್ಲೆಯ ಬ್ಯಾಂಕಿನವರ ಹಣೆಬರಹ ನಿಮಗೆ ಗೊತ್ತೇ ಇದೆ. ಪ್ರಮೋಷನ್ ಬಂದರೆ ಗಂಟುಮೂಟೆ ಕಟ್ಟಿಕೊಂಡು ಘಟ್ಟ ಹತ್ತಬೇಕು. ಹಾಗೆ ಹತ್ತಿ ನಾನು ಕಪ್ಪತಗುಡ್ಡದ ಸೀಮೆಯ ಒಂದು ಸಣ್ಣ ಶಾಖೆಯಲ್ಲಿ ಮೂರು ವರ್ಷ ಇದ್ದೆ. ಅಲ್ಲಿಯವರು ಗಾಳಿಯಂತ್ರಕ್ಕೆ ಸುಮ್ನೆ ಫ್ಯಾನು ಅನ್ನುತ್ತಾರೆ. "ಫ್ಯಾನು ಬಂದಾವ್ರಿ ನಮ್ಮೂರಿಗೆ."

ಬೆಳೆಸಾಲಕ್ಕೆ ಬರುತ್ತಿದ್ದ ಇಬ್ಬರು ಅಣ್ಣತಮ್ಮಂದಿರಿದ್ದರು. ಹೊಲ ಪಾಲಾಗಿತ್ತು. ಅಣ್ಣನ ಪಾಲಿನಲ್ಲಿ ಫ್ಯಾನು ಬಂತು. ಕಂಪನಿಗೆ ಜಾಗ ಕೊಟ್ಟ ದುಡ್ಡಿನಲ್ಲಿ ಅವರು ನಮ್ಮ ಸಾಲ ತೀರಿಸಿದರು, ಟ್ರ್ಯಾಕ್ಟರ್ ತಂದರು. ಬ್ಯಾಂಕಿನವನಾಗಿ ನನಗೂ ಖುಷಿಯೇ. ತಮ್ಮನ ಹೊಲದಲ್ಲಿ ಏನೂ ನಿಲ್ಲಲಿಲ್ಲ. ಆದರೆ ಅವರ ಬದುವಿನ ಪಕ್ಕದಲ್ಲೇ ಕ್ರೇನು ಹೋಗುವ ರಸ್ತೆ ಆಯಿತು. ಉದ್ದದ ರೆಕ್ಕೆ ತಿರುವಿನಲ್ಲಿ ಹೊರಳಬೇಕಲ್ಲ, ಹಾಗಾಗಿ ಅಗಲ ಜಾಸ್ತಿ. ರಸ್ತೆ ಎತ್ತರಿಸಿದ್ದಕ್ಕೆ ಮಳೆನೀರಿನ ದಾರಿ ತಪ್ಪಿತು. ಮೊದಲ ದೊಡ್ಡ ಮಳೆಗೇ ಶೇಂಗಾ ಹೊಲದ ನಡುವೆ ಕೊರಕಲು ಬಿತ್ತು. ಮನೆಯೂ ಹತ್ತಿರ. ರಾತ್ರಿ ಊರು ಮಲಗಿದ ಮೇಲೆ ಯಾರೋ ದೂರದಲ್ಲಿ ಬಟ್ಟೆ ಒಗೆದಂತೆ ಒಂದೇ ಸಮ ಸದ್ದು. ಸಂಜೆ ಸೂರ್ಯ ಇಳಿಯುವಾಗ ರೆಕ್ಕೆಯ ನೆರಳು ಗೋಡೆ ಮೇಲೆ ಬಂದು ಹೋಗಿ, ಬಂದು ಹೋಗಿ. ಒಂದು ದಿನ ಅವರು ನನ್ನ ಟೇಬಲ್ಲಿನ ಎದುರು ಕೂತು ಹೇಳಿದರು: "ಸಾಹೇಬ್ರ, ಫ್ಯಾನು ಅಣ್ಣನ ಹೊಲದಾಗ, ಸಪ್ಪಳ ನನ್ನ ಮನ್ಯಾಗ. ರೊಕ್ಕಕ್ಕ ಸರ್ವೆ ನಂಬರ್ ಐತ್ರಿ, ಸಪ್ಪಳಕ್ಕ ಇಲ್ಲ."

ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಪರಿಹಾರದ ಲೆಕ್ಕ ಎಲ್ಲ ಪಹಣಿಯ ಮೇಲೆ. ಪಹಣಿಯಲ್ಲಿ ಹೆಸರಿದ್ದವನಿಗೆ ಚೆಕ್ಕು. ಗುಡ್ಡದಲ್ಲಿ ಕುರಿ ಮೇಯಿಸುವವನಿಗೆ ಪಹಣಿ ಎಲ್ಲಿಂದ ಬರಬೇಕು? ಕೆಲಸ ಸಿಗುತ್ತದೆ ಅನ್ನುತ್ತಾರೆ, ಸುಳ್ಳಲ್ಲ. ಕಟ್ಟುವಾಗ ಕೈತುಂಬ ಕೆಲಸ. ಕಟ್ಟಿ ಮುಗಿದ ಮೇಲೆ ಉಳಿಯುವುದು ಬೆರಳೆಣಿಕೆಯ ವಾಚ್‌ಮನ್‌ಗಳು.

ಹಾಗಂತ ಫ್ಯಾನು ಬೇಡ ಅನ್ನುವವನು ನಾನಲ್ಲ. ಆ ಮಣ್ಣುರಸ್ತೆಯಲ್ಲೇ ಬಸುರಿ ಹೆಂಗಸರನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದದ್ದನ್ನೂ ಕಂಡಿದ್ದೇನೆ. ಯಂತ್ರದ ಬುಡ ಬಿಟ್ಟರೆ ಉಳಿದ ಹೊಲದಲ್ಲಿ ಜೋಳ ಬೆಳೆಯಬಹುದು. ಹೊಗೆ ಇಲ್ಲ, ಬೂದಿ ಇಲ್ಲ. ಬೂದಿ ಎಂದರೇನೆಂದು ಯಲ್ಲೂರು, ನಂದಿಕೂರಿನವರಿಗೆ ಬೇರೆ ಹೇಳಬೇಕಾಗಿಲ್ಲ. ಅಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರವೇ ಇದೆ.

ಹಕ್ಕಿಗಳ ವಿಷಯ ಒಂದು ಹೇಳಿಬಿಡುತ್ತೇನೆ. ಮಹಾರಾಷ್ಟ್ರದ ಸಾತಾರ ಹತ್ತಿರ ಚಾಳಕೇವಾಡಿ ಎಂಬ ಎತ್ತರದ ಬಯಲಿದೆ. ನಮ್ಮ ಪದವುಗಳ ಅಣ್ಣ ಅನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಫ್ಯಾನು ಇಲ್ಲದ ಕಡೆಗೆ ಹೋಲಿಸಿದರೆ, ಇರುವ ಕಡೆ ಹದ್ದು, ಗಿಡುಗಗಳಂಥ ಬೇಟೆಹಕ್ಕಿಗಳು ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ. ಹಿಡಿದು ತಿನ್ನುವವರಿಲ್ಲದೆ ಓತಿಕ್ಯಾತಗಳು ಜಾಸ್ತಿಯಾಗಿದ್ದವು. ಗಾಳಿ ಎಲ್ಲಿಂದ ಎಲ್ಲಿಗೆ ಮುಟ್ಟುತ್ತದೆ ನೋಡಿ.

ಈಗ ಕೆಳಗೆ, ನಮ್ಮ ತೋಟಕ್ಕೆ ಬರೋಣ. ನಮ್ಮಲ್ಲಿ ಫ್ಯಾನಿಲ್ಲ, ಆದರೆ ಲೈನಿದೆ. ಗಾಳಿಯ ಕರೆಂಟಾಗಲಿ, ಕಲ್ಲಿದ್ದಲಿನದಾಗಲಿ, ದೂರದೂರಿಗೆ ಹೋಗಬೇಕಾದರೆ ದೊಡ್ಡ ಟವರುಗಳ ಮೇಲೆಯೇ ಹೋಗಬೇಕು. ಉಡುಪಿ–ಕಾಸರಗೋಡು 400 ಕೆ.ವಿ. ಲೈನಿಗೆ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಕೃಷಿಕರು ಯಾಕೆ ಅಡ್ಡ ನಿಂತರು? ಲೈನಿಗೆ ಜಾಗವನ್ನು ಕೊಂಡುಕೊಳ್ಳುವುದಿಲ್ಲ. ಆರ್‌ಟಿಸಿ, ಅಂದರೆ ಪಹಣಿ, ನಿಮ್ಮ ಹೆಸರಲ್ಲೇ ಇರುತ್ತದೆ. ತಂತಿಯ ಕೆಳಗಿನ ಪಟ್ಟಿ ಮಾತ್ರ ಲೈನಿನವರು ಹೇಳಿದ ಹಾಗೆ ಇರಬೇಕು. 400 ಕೆ.ವಿ.ಗೆ ಆ ಪಟ್ಟಿ 46 ಮೀಟರ್ ಅಗಲ.

2015ರಲ್ಲಿ ಕೇಂದ್ರದ ಇಂಧನ ಸಚಿವಾಲಯ ಮಾರ್ಗಸೂಚಿ ಹೊರಡಿಸಿತು. ಟವರಿನ ಬುಡದ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ಶೇ. 15. 2024ರಲ್ಲಿ ಅದನ್ನು ಬುಡಕ್ಕೆ ಶೇ. 200, ಪಟ್ಟಿಗೆ ಶೇ. 30 ಮಾಡಿದರು. ಬೆಳೆ, ಮರದ ಪರಿಹಾರ ಬೇರೆ. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ಈ ಲೆಕ್ಕ ಹುಟ್ಟಿದ್ದು ಬಯಲು ಹೊಲ ನೋಡಿದವರ ತಲೆಯಲ್ಲಿ ಎಂದು ನನ್ನ ಗುಮಾನಿ. ಗದಗದ ರೈತ ತಂತಿಯ ಕೆಳಗೂ ಶೇಂಗಾ ಬಿತ್ತುತ್ತಾನೆ. ಅಡಿಕೆ, ತೆಂಗು ತಂತಿಯ ಕೆಳಗೆ ಬೆಳೆಯುತ್ತದಾ? ಅಲ್ಲಿ ಎಕರೆಯ ಲೆಕ್ಕ, ಇಲ್ಲಿ ಸೆಂಟ್ಸಿನ ಲೆಕ್ಕ. ಒಂದೂವರೆ ಎಕರೆಯ ತೋಟದ ನಡುವೆ 46 ಮೀಟರ್ ಹೋದರೆ ಉಳಿದದ್ದನ್ನು ತೋಟ ಅನ್ನಬೇಕೋ ಅಂಚು ಅನ್ನಬೇಕೋ.

ಇನ್ನು ಕುಮ್ಕಿ. ತಲೆತಲಾಂತರದಿಂದ ಸೊಪ್ಪು, ತರಗೆಲೆ ತಂದ ಗುಡ್ಡೆ ಅದು. ದಾಖಲೆಯಲ್ಲಿ ಸರಕಾರದ್ದು. ಅಲ್ಲಿ ಟವರು ನಿಂತರೆ ನಮ್ಮ ಗತಿಯೂ ಆ ಕುರಿ ಮೇಯಿಸುವವನದೇ.

ನನ್ನ ಸೋದರಳಿಯ ಹೋದ ತಿಂಗಳು ಫೋನ್ ಮಾಡಿದ್ದ. ಕಾರ್ಕಳದ ಕಡೆ ಅವರ ಮನೆಯ ಪದವು ಖಾಲಿ ಬಿದ್ದಿದೆ. ಸೋಲಾರ್ ಹಾಕುತ್ತೇವೆ, 30 ವರ್ಷಕ್ಕೆ ಲೀಸಿಗೆ ಕೊಡಿ ಎಂದು ಯಾರೋ ಬಂದಿದ್ದರಂತೆ. ಎಕರೆಗೆ ಎಷ್ಟು ಕೇಳಲಿ ಮಾವ ಎಂದ. ಅದಿರಲಿ, ಅವಧಿ ಮುಗಿದ ಮೇಲೆ ಕಾಂಕ್ರೀಟು ಕಿತ್ತುಕೊಡುವವರು ಯಾರು, ಕಂಪನಿ ನಡುವೆ ಇನ್ನೊಬ್ಬರಿಗೆ ಮಾರಿಕೊಂಡರೆ ಬಾಡಿಗೆ ಕೊಡುವವರು ಯಾರು, ನಿಮ್ಮ ಪದವಿನ ನೀರು ಇಳಿಯುವುದು ಯಾರ ಗದ್ದೆಗೆ, ಅವರನ್ನು ಕೇಳಿದ್ದೀಯಾ ಎಂದೆ. ಆ ಕಡೆ ಮಾತಿಲ್ಲ.

"ಅಂದಹಾಗೆ ಆರ್‌ಟಿಸಿ ಯಾರ ಹೆಸರಲ್ಲಿದೆ? ಪೌತಿ ಖಾತೆ ಆಗಿ ವಾರಸುದಾರರ ಹೆಸರಿಗೆ ಬಂದಿದೆಯಾ?"

"ಇಲ್ಲ ಮಾವ. ಇನ್ನೂ ಅಜ್ಜನ ಹೆಸರಲ್ಲೇ ಇದೆ."

ಅಜ್ಜ ತೀರಿಕೊಂಡದ್ದು 1991ರಲ್ಲಿ. ಹಕ್ಕುದಾರರನ್ನು ನಾವಿಬ್ಬರೂ ಫೋನಿನಲ್ಲೇ ಎಣಿಸಲು ಕೂತೆವು. ಮುಂಬೈಯಲ್ಲಿರುವವರೂ ಸೇರಿ ಹದಿನೇಳಕ್ಕೆ ಬಂದಾಗ ಅವನ ಫೋನಿನ ಚಾರ್ಜು ಮುಗಿಯಿತು.

ನಮಸ್ಕಾರ.